ಮಿಸ್ಸಿನ ಉಗುರಿನ ಅಂಟು

ಮಿಸ್ಸಿನ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಯಾವಾಗಲೂ ಅಂಟು ಒಣಗಿರುತ್ತಿತ್ತು. ಹಾಕುವಾಗ ಬಿಳಿ, ಒಣಗಿದ ಮೇಲೆ ಹಳದಿ. ಮಾಯುತ್ತಿರುವ ಗಾಯದ ಸಿಪ್ಪೆಯ ಹಾಗೆ ಕಾಣುತ್ತಿತ್ತು. ಶುಕ್ರವಾರ ಮಧ್ಯಾಹ್ನ ಮಾತ್ರ ಬಾಗಿಲ ಮೆಟ್ಟಿಲ ಮೇಲೆ ಕೂತು, ಒಂದು ಲೋಟ ಬಿಸಿನೀರಿನಲ್ಲಿ ಬೆರಳು ಅದ್ದಿ, ಮೊಂಡು ಚಾಕುವಿನಲ್ಲಿ ಒಂದೊಂದೇ ಉಗುರು ಕೆರೆದು ಚೊಕ್ಕ ಮಾಡಿಕೊಳ್ಳುತ್ತಿದ್ದರು. ಆಮೇಲೆ ಭಾನುವಾರದವರೆಗೂ ಅಂಟಿನ ಡಬ್ಬಿ ಮುಟ್ಟುತ್ತಿರಲಿಲ್ಲ. ಕತ್ತರಿಯನ್ನೂ ಮುಟ್ಟುತ್ತಿರಲಿಲ್ಲ.

ನಾನು ಎಸೆಸೆಲ್ಸಿ ಪಾಸಾದವನಲ್ಲ. ಕೊಳ್ಳೇಗಾಲದಲ್ಲಿ ಕಳಪೆ ಗೂಡಿನ ವ್ಯಾಪಾರ ಮಾಡುತ್ತೇನೆ. ಒಳ್ಳೆಯ ರೇಷ್ಮೆಗೂಡನ್ನು ನೂಲು ತೆಗೆಯುವವರು ಮಾರ್ಕೆಟ್ಟಿನ ಹರಾಜಿನಲ್ಲಿ ಕೊಳ್ಳುತ್ತಾರೆ. ಕಲೆಯಾದದ್ದು, ಜಜ್ಜಿ ಹೋದದ್ದು, ಹುಳುವಿನ ಮೊಟ್ಟೆ ಕೇಂದ್ರದಲ್ಲಿ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬಂದಮೇಲೆ ಉಳಿಯುವ ಖಾಲಿ ಗೂಡು, ಇವು ನನ್ನ ಪಾಲು. ಮಿಸ್ಸಿಗೆ ಬೇಕಾಗಿದ್ದದ್ದು ಆ ತೂತು ಗೂಡು. ಅದನ್ನು ಕತ್ತರಿಸಿ, ಪದರ ಬಿಡಿಸಿ, ಹಲಗೆಯ ಮೇಲೆ ಅಂಟಿಸಿ ಚಿತ್ರ ಮಾಡುತ್ತಿದ್ದರು. ಬಣ್ಣ ಹಾಕುತ್ತಿರಲಿಲ್ಲ. ಗೂಡಿಗೆ ಹುಟ್ಟಿನಿಂದ ಯಾವ ಬಣ್ಣವೋ ಅದೇ.

ಅವರು ಊರಿನ ಕಾನ್ವೆಂಟ್ ಶಾಲೆಯಲ್ಲಿ ಡ್ರಾಯಿಂಗ್ ಮಿಸ್ ಆಗಿದ್ದವರು. ರಿಟೈರಾದ ಮೇಲೂ ಬೀದಿಯವರೆಲ್ಲ ಮಿಸ್ ಎಂದೇ ಕರೆಯುತ್ತಿದ್ದರು. ಬೊಂಬಾಯಿ ಕಡೆಯವರು. ಗಂಡನಿಗೆ ಇಲ್ಲಿ ರೇಷ್ಮೆ ಇಲಾಖೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಬಂದವರು, ಗಂಡ ಸತ್ತ ಮೇಲೆ ಇಲ್ಲೇ ಉಳಿದರು. ಮಕ್ಕಳಿಲ್ಲ. ನಮ್ಮ ಮನೆಯ ಎದುರೇ ಅವರ ಮನೆ. ನನ್ನ ಅವ್ವ ಬಾಗಿಲಿಗೆ ನೀರು ಹಾಕುವಾಗ ಮಿಸ್ ಹಾಲು ತಗೊಳ್ಳುತ್ತಿದ್ದರು. ಇಬ್ಬರೂ ತಲೆ ಆಡಿಸುತ್ತಿದ್ದರು. ಅಷ್ಟೇ ಮಾತು.

ಕಾನ್ವೆಂಟಿನಲ್ಲಿ ಇದ್ದವರು, ಹಣೆಗೆ ಕುಂಕುಮ ಇಡದವರು, ಹೆಸರೂ ಕಿವಿಗೆ ಹಾಗೇ ಕೇಳುತ್ತಿತ್ತು. ಹಾಗಾಗಿ ಮಿಸ್ ಕ್ರಿಶ್ಚಿಯನ್ ಎಂದು ಊರೇ ತೀರ್ಮಾನ ಮಾಡಿತ್ತು. ಕ್ರಿಸ್‌ಮಸ್ಸಿಗೆ ಅವರ ಮನೆಗೆ ಕೇಕ್ ಬರುತ್ತಿತ್ತು. ಮಿಸ್ ತಗೊಂಡು ಥ್ಯಾಂಕ್ಸ್ ಹೇಳಿ, ಸಂಜೆ ಬೀದಿಯ ಮಕ್ಕಳಿಗೆ ಹಂಚುತ್ತಿದ್ದರು. ಒಂದು ವಿಷಯ ಮಾತ್ರ ಇದಕ್ಕೆ ಹೊಂದುತ್ತಿರಲಿಲ್ಲ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಕಿಟಕಿಯ ಹತ್ತಿರ ಎಣ್ಣೆ ದೀಪ ಹಚ್ಚಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ನಮ್ಮ ಅವ್ವನಿಗೆ ಅದು ಭಾರಿ ಮೆಚ್ಚುಗೆ.

"ನೋಡ್ಲಾ, ಕ್ರಿಶ್ಚಿಯನ್ನೋರಾದ್ರೂ ಸುಕ್ರವಾರ ಲಕ್ಷ್ಮಿಗೆ ದೀಪ ಅಚ್ತರೆ. ನಮ್ ಮನೇಲಿ ನಿಂಗೆ ಬತ್ತಿ ಒಸೆಯಾಕೂ ಬರದಿಲ್ಲ."

ಲಕ್ಷ್ಮಿಯೋ ಯಾರೋ ನನಗೆ ಬೇಕಾಗಿರಲಿಲ್ಲ. ಗೂಡು ತಗೊಂಡರೆ ಸಾಕು.

ಮೊದಲ ಸಲ ಚೀಲ ಹೊತ್ತುಕೊಂಡು ಹೋದದ್ದು ಒಂದು ಶನಿವಾರ ಸಂಜೆ. ಮಿಸ್ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಮನೆಯಲ್ಲಿ ಲೈಟ್ ಇಲ್ಲ.

"ಕರೆಂಟ್ ಓಯ್ತಾ ಮಿಸ್?"

"ಇದೆ."

"ಮತ್ಯಾಕೆ ಕತ್ಲೇಲಿ ಕೂತಿದೀರಿ?"

ನಾನೇ ಸ್ವಿಚ್ ಒತ್ತಿದೆ. ಮಿಸ್ ನಕ್ಕರು.

"ನೀನಾಗಿಯೇ ಹಾಕಿದೆ. ನಾನು ಹೇಳಲಿಲ್ಲ. ನೆನಪಿಟ್ಟುಕೋ."

ಚೀಲ ಬಿಚ್ಚಲಿಲ್ಲ, ತೂಕ ನೋಡಲಿಲ್ಲ, ನಾಳೆ ಬಾ ಎಂದರು. ವಯಸ್ಸಾಯಿತು, ತಲೆ ಸ್ವಲ್ಪ ಕೆಟ್ಟಿರಬೇಕು ಅಂದುಕೊಂಡು ಬಂದೆ.

ಭಾನುವಾರ ಹೋದರೆ ಬೇರೆಯೇ ಹೆಂಗಸು. ಚೀಲವನ್ನು ನೆಲಕ್ಕೆ ಸುರಿಸಿ, ಕನ್ನಡಕ ಹಾಕಿಕೊಂಡು ಗೂಡನ್ನು ಗುಡ್ಡೆ ಗುಡ್ಡೆ ಮಾಡತೊಡಗಿದರು. ಎಲ್ಲ ಬಿಳಿಯೇ, ಏನು ಆರಿಸುತ್ತೀರಿ ಎಂದು ಕೇಳಿದೆ. ಎರಡು ಗೂಡು ಎತ್ತಿ ನನ್ನ ಕೈಗೆ ಕೊಟ್ಟರು.

"ಮೊದಲು ನೋಡು. ಆಮೇಲೆ ಮಾತಾಡು."

ನೋಡಿದೆ. ಏನೂ ಕಾಣಲಿಲ್ಲ. ಬಾಗಿಲ ಹತ್ತಿರ ಬೆಳಕಿಗೆ ಹೋಗಿ ನೋಡು ಎಂದರು. ಹೋದೆ. ಒಂದು ಹಾಲಿನ ಬಿಳಿ, ಇನ್ನೊಂದು ಅನ್ನದ ಗಂಜಿಯ ಬಿಳಿ. ಆ ದಿನದಿಂದ ನನಗೆ ಬಿಳಿ ಒಂದೇ ಆಗಿ ಕಂಡಿಲ್ಲ. ಅದರಿಂದ ವ್ಯಾಪಾರಕ್ಕೆ ಲಾಭ ಆಯಿತೋ ಇಲ್ಲವೋ ಬೇರೆ ಮಾತು. ನನ್ನ ಶಾಲೆಯಲ್ಲಿ ಯಾರೂ ನನಗೆ ನೋಡು ಎಂದು ಹೇಳಿರಲಿಲ್ಲ. ಬರಿ, ಓದು, ಎದ್ದು ನಿಲ್ಲು ಎಂದಿದ್ದರು.

ಊರಿನಲ್ಲಿ ಸಿಸ್ಟರುಗಳು ನಡೆಸುವ ಒಂದು ಆಸ್ಪತ್ರೆ ಇದೆ. ಹೆರಿಗೆ ವಾರ್ಡಿನ ಗೋಡೆಗೆ ಒಂದು ದೊಡ್ಡ ಚಿತ್ರ ಮಾಡಿಕೊಡಿ ಎಂದು ಅವರು ಮಿಸ್ಸನ್ನು ಕೇಳಿದರು. ಒಬ್ಬಳೇ ಮಾಡುವುದಿಲ್ಲ ಎಂದರಂತೆ ಮಿಸ್. "ಆ ವಾರ್ಡಿನಲ್ಲಿ ಒಂದೇ ಥರದ ಹೆಂಗಸರು ಮಲಗುತ್ತಾರಾ?" ಎಂದು ಕೇಳಿದರಂತೆ.

ಜೊತೆಗೆ ಇಬ್ಬರು ಬಂದರು. ಒಬ್ಬರು ಹನೂರಿನ ಕಡೆಯ ಹಳ್ಳಿಯ ಅಕ್ಕ, ಕ್ಯಾಥೊಲಿಕ್ಕರು, ಮನೆಯಲ್ಲಿ ತಮಿಳು. ಅವರೂರ ಹಬ್ಬಕ್ಕೆ ಚರ್ಚಿನ ಪೀಠಕ್ಕೆಲ್ಲ ಕಾಗದದ ಹೂವು ಕಟ್ಟುವವರು ಇವರೇ. ಇನ್ನೊಬ್ಬರನ್ನು ನಾನೇ ಕರಕೊಂಡು ಬಂದೆ. ಯಳಂದೂರಿನ ಆಪಾ, ಮುಸಲ್ಮಾನರು. ವಯಸ್ಸಿನಲ್ಲಿ ನೂಲು ತೆಗೆಯುವ ಯೂನಿಟ್ಟಿನಲ್ಲಿ ಕುದಿಯುವ ನೀರಿಗೆ ಕೈ ಹಾಕಿ ಹಾಕಿ ಬೆರಳ ತುದಿ ಬಿಳಿಚಿ ಸುಕ್ಕಾಗಿತ್ತು. ಗೂಡಿನ ಪದರ ಬಿಡಿಸುವುದರಲ್ಲಿ ಅವರ ಕೈ ಯಾರಿಗೂ ಬರುವುದಿಲ್ಲ.

ಯಾವ ದಿನ ಸೇರುವುದು ಎಂದು ಮಾತಾಯಿತು. ಶುಕ್ರವಾರ ಬೇಡ ಎಂದರು ಆಪಾ, ಅವತ್ತು ಮನೆಯಲ್ಲಿ ನಮಾಜಿನ ದಿನ. ಭಾನುವಾರ ಬೇಡ ಎಂದರು ಅಕ್ಕ, ಚರ್ಚಿನಲ್ಲಿ ಪೂಜೆ. ಶನಿವಾರ ಬೇಡ ಎಂದರು ಮಿಸ್, ಯಾಕೆ ಅಂತ ಹೇಳಲಿಲ್ಲ. ಕೊನೆಗೆ ಬುಧವಾರ ಆಯಿತು. ಹನೂರು ಬಸ್ಸಿನಲ್ಲಿ ಒಬ್ಬರು, ಯಳಂದೂರು ಬಸ್ಸಿನಲ್ಲಿ ಒಬ್ಬರು ಬಂದು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಒಟ್ಟಿಗೆ ನಡೆದು ಬರುತ್ತಿದ್ದರು.

ಚಿತ್ರ ಏನು ಅಂದರೆ ಒಂದು ಬಾವಿ. ಸುತ್ತ ಮೂರು ಹೆಂಗಸರು. ಒಬ್ಬೊಬ್ಬರು ಒಂದೊಂದು ಹೆಂಗಸನ್ನು ಮಾಡಬೇಕು, ಇನ್ನೊಬ್ಬರ ಭಾಗ ಮುಟ್ಟಬಾರದು. ಇದು ಮಿಸ್ಸಿನ ಕಾನೂನು. ಬಾವಿ ಯಾಕೆ ಅಂದರೆ, ಮೂವರಿಗೂ ಅವರವರ ಧರ್ಮದ ಬಾವಿಯ ಕಥೆ ಗೊತ್ತಿತ್ತು. ಕತ್ತರಿಸುತ್ತಾ ಹೇಳುತ್ತಿದ್ದರು. ಮರಳುಗಾಡಿನಲ್ಲಿ ಮಗುವಿಗೆ ನೀರು ಹುಡುಕಿ ಓಡಿದ ತಾಯಿಯ ಕಥೆ ಆಪಾ ಹೇಳಿದರು. ಯಾರೂ ಸೇರಿಸದ ಹೆಂಗಸಿನ ಕೈಯಿಂದ ದೇವರು ನೀರು ಕೇಳಿದ ಕಥೆ ಅಕ್ಕ ಹೇಳಿದರು. ದಾರಿಹೋಕನಿಗೂ ಅವನ ಒಂಟೆಗಳಿಗೂ ನೀರು ಸೇದಿ ಸೇದಿ ಹಾಕಿದ ಹುಡುಗಿಯ ಕಥೆ ಮಿಸ್ ಹೇಳಿದರು.

"ಒಂಟೆ ಎಷ್ಟು ಕುಡಿತದೆ ಗೊತ್ತಾ?" ಎಂದು ಆಪಾ ಕೇಳಿದರು. "ಆ ಹುಡುಗಿ ಸೊಂಟ ಬಿದ್ದೋಗಿರ್ಬೇಕು."

"ಅದುಕ್ಕೇ ಒಳ್ಳೆ ಕಡೆ ಮದ್ವೆ ಆಯ್ತು," ಎಂದರು ಅಕ್ಕ. ಮೂವರೂ ನಕ್ಕರು. ಆ ಮನೆಯಲ್ಲಿ ನಾನು ನಗು ಕೇಳಿದ್ದು ಅದೇ ಮೊದಲು.

ದೀಪಾವಳಿ ಕಳೆದ ಮೇಲಿನ ಒಂದು ಬುಧವಾರ ಜಗಳ ಬಂತು. ಅಕ್ಕ ತಮ್ಮ ಹೆಂಗಸಿಗೆ ಕಣ್ಣು, ಮೂಗು ಇಡಲು ಹೊರಟರು. ಆಪಾ ತಡೆದರು.

"ಮುಖ ಬೇಡ. ನಮ್ಮಲ್ಲಿ ಆಗೋದಿಲ್ಲ."

"ಮೊಕ ಇಲ್ದೆ ಎಂಗಸು ಎಂಗೆ ಆಯ್ತಾಳೆ ಆಪಾ? ಗದ್ದೆಗೆ ನಿಲ್ಸೋ ಬೆದ್ರು ಬೊಂಬೆ ಆಯ್ತದೆ."

"ನಾನು ಕೆಲಸ ಮಾಡೋ ಹಲಗೆ ಮೇಲೆ ಬೇಡ ಅಂದೆ."

ಅಕ್ಕ ಕತ್ತರಿ ಕೆಳಗಿಟ್ಟು ಮಿಸ್ಸಿನ ಕಡೆ ತಿರುಗಿದರು.

"ಮಿಸ್, ನೀವು ನಮ್ಮೋರು. ನೀವೇ ಏಳಿ. ನಮ್ ಚರ್ಚ್ನಲ್ಲಿ ಮಾತೆಗೆ ಮೊಕ ಇಲ್ವಾ?"

ಮಿಸ್ ಅಂಟಿನ ಬೆರಳನ್ನು ಬಟ್ಟೆಗೆ ಒರೆಸಿಕೊಂಡರು.

"ನಾನು ನಿಮ್ಮವಳಲ್ಲ."

ನಾನು ಚೀಲ ಇಳಿಸಿ ಅಲ್ಲೇ ನಿಂತಿದ್ದೆ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ. "ಮತ್ತೆ ನೀವ್ಯಾರು ಮಿಸ್?" ಎಂದು ಕೇಳಿದೆ.

"ಯೆಹೂದಿ," ಎಂದರು.

ನನಗೆ ಆ ಮಾತಿನ ಅರ್ಥ ಗೊತ್ತಿರಲಿಲ್ಲ. ಗೊತ್ತಿದ್ದ ಇಬ್ಬರ ಮುಖ ನೋಡಿದೆ. ಅಕ್ಕ ತಮಿಳಿನಲ್ಲಿ ಏನೋ ಅಂದು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಆಪಾ ತಮ್ಮ ಕೈಯಲ್ಲಿದ್ದ ಗೂಡನ್ನು ಮೆಲ್ಲಗೆ ಗುಡ್ಡೆಗೆ ವಾಪಸ್ ಹಾಕಿದರು. ಅವತ್ತು ಇಬ್ಬರೂ ಬೇಗ ಎದ್ದರು. ಬಸ್‌ಸ್ಟ್ಯಾಂಡಿಗೆ ಬೇರೆ ಬೇರೆ ಹೋದರು.

"ಮೊದ್ಲೇ ಯಾಕೆ ಏಳ್ನಿಲ್ಲ ಮಿಸ್?" ಎಂದೆ.

"ಯಾರೂ ಕೇಳಲಿಲ್ಲ. ಎಲ್ಲರೂ ಅವರವರೇ ಉತ್ತರ ಹೇಳಿಕೊಂಡರು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಬೇಜಾರಾಯಿತು."

ಮುಂದಿನ ಬುಧವಾರ ಯಾರೂ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮಿಸ್ ತಮ್ಮ ಪಾಲಿನ ಹೆಂಗಸನ್ನು ಮುಗಿಸಿದರು. ಹಲಗೆಯ ಒಂದು ಕಡೆ ಪೂರ್ತಿ, ಎರಡು ಕಡೆ ಅರ್ಧಂಬರ್ಧ. ಅಕ್ಕ ಮಾಡಿದ ಹೆಂಗಸಿಗೆ ಬಲಗೈಯೂ ಇರಲಿಲ್ಲ, ಮುಖವೂ ಇರಲಿಲ್ಲ. ಶಾಲೆಯ ಮಕ್ಕಳ ಕೈಲಿ ಮುಗಿಸೋಣ ಎಂದು ಆಸ್ಪತ್ರೆಯ ಸಿಸ್ಟರ್ ಒಬ್ಬರು ಬಂದು ಹೇಳಿದರು. ಆಗುವುದಿಲ್ಲ ಎಂದರು ಮಿಸ್.

"ಆ ಭಾಗ ಅವರದು. ಅವರು ಬಂದರೆ ಮುಗಿಯುತ್ತದೆ. ಬರದಿದ್ದರೆ ಹೀಗೇ ಇರುತ್ತದೆ."

ಬುಧವಾರ ಬಾಗಿಲು ತೆಗೆದಿಟ್ಟುಕೊಂಡು ಕೂರುತ್ತಿದ್ದರು. ನಾನು ಹೋದರೆ ತಲೆ ಎತ್ತಿ ನೋಡಿ, ನೀನಾ, ಅನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಒಂದು ದಿನ ಮಿಸ್ ನನ್ನನ್ನು ಕರೆದು ತಟ್ಟೆ ತುಂಬ ಸಿಹಿ ಅವಲಕ್ಕಿ ಕೊಟ್ಟರು. ಬೆಲ್ಲ, ಕಾಯಿತುರಿ, ಖರ್ಜೂರ, ಬಾಳೆಹಣ್ಣು. ಅವರ ಊರ ಕಡೆ ಹರಕೆ ಹೊರುವಾಗ, ತೀರಿಸುವಾಗ ಎಲ್ಲರೂ ಸೇರಿ ಪ್ರಾರ್ಥನೆ ಮಾಡಿ ತಿನ್ನುವುದಂತೆ.

"ಪ್ರಾರ್ಥನೆ ಮಾಡುದ್ರಾ?" ಎಂದೆ.

"ಪೂರ್ತಿ ಮಾಡೋಕೆ ಹತ್ತು ಗಂಡಸರು ಬೇಕು. ನಮ್ಮಲ್ಲಿ ಹಾಗೆ."

"ನಾನೊಬ್ಬ ಇವ್ನಿ. ಇನ್ನ ಒಂಬತ್ತು."

"ನೀನು ಲೆಕ್ಕಕ್ಕೆ ಬರಲ್ಲ. ನೀನು ನಮ್ಮವನಲ್ಲ."

"ತಿನ್ನಾಕೆ ಬತ್ತೀನಿ, ಲೆಕ್ಕುಕ್ಕೆ ಬರಲ್ವಾ?"

ಮಿಸ್ ನಕ್ಕರು. ಆಮೇಲೆ ಹರಕೆ ಏನು ಎಂದು ನಾನು ಕೇಳಲಿಲ್ಲ. ತೆಗೆದಿಟ್ಟ ಬಾಗಿಲು ಕಾಣುತ್ತಿತ್ತು. ಸತ್ತವರಿಗೆ ಹೇಳುವ ಪ್ರಾರ್ಥನೆಗೂ ಹತ್ತು ಗಂಡಸರು ಬೇಕು, ಅವರ ಗಂಡ ಸತ್ತಾಗ ಅದು ಆಗಲಿಲ್ಲವಂತೆ. ಆಗಿನ ಫಾದರ್ ಚರ್ಚಿನ ಸ್ಮಶಾನದ ಮೂಲೆಯಲ್ಲಿ ಜಾಗ ಕೊಟ್ಟರು. ಹತ್ತು ಜನರನ್ನು ಎಲ್ಲಿಂದ ತರುವುದು? ಈ ಸೀಮೆಯಲ್ಲೆಲ್ಲ ಇದ್ದದ್ದು ಇವರಿಬ್ಬರೇ. ಮಣ್ಣು ಹಾಕಿ ಬಂದರಂತೆ.

"ನನಗೂ ಅಷ್ಟೇ," ಎಂದರು. ಅಳಲಿಲ್ಲ. ನಾಳೆ ಹಾಲು ಬರಲ್ಲ ಎನ್ನುವ ಹಾಗೆ ಹೇಳಿದರು.

ನನಗೆ ಹೇಗೂ ಗೂಡು ತರಲು ಆ ಊರುಗಳಿಗೆ ಹೋಗುವುದಿತ್ತು. ಯಾರೂ ಹೇಳದೆ ಎರಡೂ ಮನೆಗೆ ಹೋದೆ.

ಅಕ್ಕ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ನನ್ನನ್ನು ನೋಡಿದರೂ ಮೊರ ನಿಲ್ಲಿಸಲಿಲ್ಲ.

"ನಮ್ ಸ್ವಾಮಿನ ಸಿಲ್ಬೆಗೆ ಏರ್ಸಿ ಕೊಂದೋರು ಅವ್ರು ಅಂತ ನಮ್ಮಜ್ಜಿ ಏಳ್ತಿತ್ತು ತಂಬಿ. ಚಿಕ್ಕುಡ್ಗೀಲಿಂದ ಕೇಳಿವ್ನಿ."

"ಮಿಸ್ಸಾ ಕೊಂದದ್ದು? ಮಿಸ್ಸು ಒಂದು ಜಿರಳೆನೂ ಒಡೆಯಲ್ಲ ಕಣಕ್ಕ. ಕಾಗ್ದದಲ್ಲಿ ಎತ್ಕೊಂಡೋಗಿ ಮೋರಿಗೆ ಬುಡ್ತದೆ."

"ನಂಗೂ ಗೊತ್ತು. ಆದ್ರೂ ಮನ್ಸು ಕೇಳ್ಬೇಕಲ್ಲ."

ನಗಲೂ ಇಲ್ಲ, ಬರುತ್ತೇನೆ ಅನ್ನಲೂ ಇಲ್ಲ. ರಾಗಿ ಕೇರುತ್ತಲೇ ಇದ್ದರು.

ಯಳಂದೂರಿನಲ್ಲಿ ಆಪಾ ಒಳಗೆ ಕೂರಿಸಿ ನೀರು ಕೊಟ್ಟರು. ಆಮೇಲೆ ಫೋನ್ ತೆಗೆದು ಮುಂದೆ ಹಿಡಿದರು. ಎಲ್ಲೋ ದೂರದ ಯುದ್ಧ. ಕುಸಿದ ಮನೆ, ಬಟ್ಟೆಯಲ್ಲಿ ಸುತ್ತಿದ ಮಕ್ಕಳು.

"ಇದು ನೋಡಿ ನಂಗೆ ನಿದ್ದೆ ಬರಲ್ಲ ಬೇಟಾ. ಅಲ್ಲಿ ಬಾಂಬ್ ಹಾಕೋರು ಅವರ ಕಡೆಯೋರು. ನಾನು ಹೋಗಿ ಅವರ ಜೊತೆ ಕೂತು ಗೂಡು ಅಂಟಿಸ್ಲಾ? ಮಗ ಕೇಳ್ತಾನೆ, ಅಮ್ಮೀ ನಿಂಗೆ ನಾಚಿಕೆ ಇಲ್ವಾ ಅಂತ."

"ಮಿಸ್ಸಿಗೆ ಇದ ತೋರ್ಸಿದ್ರಾ?"

"ಇಲ್ಲ."

"ತೋರ್ಸಿ. ಅವರೇ ಏಳ್ತರಲ್ಲ, ಮೊದ್ಲು ನೋಡು ಅಂತ. ಅವರೂ ನೋಡ್ಲಿ."

ಕೋಪದಲ್ಲಿ ಅಂದೆ. ಯಾರ ಮೇಲೆ ಕೋಪ ಅಂತ ನನಗೇ ಗೊತ್ತಿರಲಿಲ್ಲ. ಬಂದು ಮಿಸ್ಸಿಗೆ ಹೇಳಲಿಲ್ಲ.

ಆ ವಾರವೇ ಆಪಾ ಬಂದರು. ಕೂರಲಿಲ್ಲ. ಚಪ್ಪಲಿಯೂ ಬಿಡದೆ ಹೊಸ್ತಿಲಲ್ಲಿ ನಿಂತು ಫೋನ್ ಚಾಚಿದರು.

"ಇದು ನೋಡಿ."

ಮಿಸ್ ಕನ್ನಡಕ ಹಾಕಿಕೊಂಡರು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಅದು ಮುಗಿದು ಇನ್ನೊಂದು ಶುರುವಾಯಿತು. ಅದನ್ನೂ ನೋಡಿದರು. ಮುಖ ತಿರುಗಿಸಲಿಲ್ಲ. ಶಬ್ದ ಕಡಿಮೆ ಮಾಡಲಿಲ್ಲ. ನೋಡುವುದು ನನಗೇ ಆಗಲಿಲ್ಲ, ಆಚೆ ಬೀದಿ ನೋಡುತ್ತಾ ನಿಂತೆ.

"ನನ್ನ ತಂಗಿಯ ಮಗಳು ಆ ದೇಶದಲ್ಲೇ ಇದ್ದಾಳೆ," ಎಂದರು ಮಿಸ್. "ಅವಳ ಪಕ್ಕದ ಮನೆಯ ಮಗುವೂ ಹೋಯಿತು. ಅದರ ಫೋಟೋನೂ ನನ್ನ ಹತ್ತಿರ ಇದೆ. ನಿಮಗೆ ಉತ್ತರ ಅಂತ ಅದನ್ನು ತೋರಿಸೋದಿಲ್ಲ."

ಆಪಾ ಫೋನ್ ವಾಪಸ್ ತಗೊಂಡರು. ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಚಪ್ಪಲಿ ಬಿಟ್ಟು ಒಳಗೆ ಬಂದು, ಹಳದಿ ಗೂಡು ಎಲ್ಲಿ ಎಂದು ಕೇಳಿದರು. ಅವತ್ತು ಬಾವಿಯ ಕಟ್ಟೆಯ ಕೆಳಗೆ ಒಂದು ಜೊತೆ ಚಿಕ್ಕ ಚಪ್ಪಲಿ ಮಾಡಿ ಅಂಟಿಸಿದರು. ಮಗುವಿನ ಚಪ್ಪಲಿ. ಬಿಟ್ಟು ಎಲ್ಲೋ ಹೋದ ಹಾಗೆ.

ಮುಂದಿನ ಬುಧವಾರ ಆಪಾ ಬಂದಾಗ ಅದರ ಪಕ್ಕ ಇನ್ನೊಂದು ಜೊತೆ ಇತ್ತು. ಆಪಾ ನೋಡಿದರು. ಕತ್ತರಿ ಹಿಡಿದು ಸುಮಾರು ಹೊತ್ತು ಕೂತರು. ಕೀಳಲಿಲ್ಲ. ತಮ್ಮ ಹೆಂಗಸಿನ ಸೆರಗು ಮಾಡುವುದಕ್ಕೆ ಶುರುಮಾಡಿದರು.

ಅಕ್ಕ ಬಂದದ್ದು ಬೇಸಿಗೆ ಹತ್ತಿರವಾದಾಗ. ನಾನು ಬಾಗಿಲ ಹತ್ತಿರ ಗೂಡು ಸುರಿಯುತ್ತಿದ್ದೆ. ನೋಡಿದರೆ ಹಣೆಯ ಮೇಲೆ ಬೂದಿ. ನಾನೂ ಬೆಳಿಗ್ಗೆ ವಿಭೂತಿ ಇಟ್ಟುಕೊಂಡೇ ಮನೆ ಬಿಡುವವನು. ಆಪಾ ಇಬ್ಬರ ಹಣೆಯನ್ನೂ ನೋಡಿದರು.

"ಏನು ಬೇಟಾ, ಇವರೂ ನಿಮ್ಮ ಕಡೆ ಸೇರಿದ್ರಾ?"

"ಇವತ್ತು ವಿಭೂತಿ ಬುಧ್ವಾರ," ಎಂದರು ಅಕ್ಕ. "ನಲ್ವತ್ತು ದಿನ ಉಪ್ವಾಸ ಸುರು ನಮ್ಗೆ. ಬೆಳಿಗ್ಗೆ ಪೂಜೇಲಿ ಫಾದರು ಇಟ್ರು. ಅಂಗೇ ಬಸ್ ಅತ್ಬುಟ್ಟೆ."

ಒಳಗೆ ಬಂದು ಹಲಗೆಯ ಮುಂದೆ ನಿಂತರು. ಮಿಸ್ಸಿನ ಮುಖ ನೋಡಲಿಲ್ಲ. ಹಲಗೆಗೇ ಹೇಳುವ ಹಾಗೆ ಹೇಳಿದರು.

"ಇವ್ಳು ಕನಸ್ನಲ್ಲಿ ಬತ್ತಾಳೆ ಮಿಸ್. ಬಲಗೈ ಎಲ್ಲಿ ಅಂತ ಕೇಳ್ತಾಳೆ. ಎಷ್ಟು ದಿನ ಅಂತ ತಡ್ಕಳ್ಳಿ."

"ಕೈ ಮಾಡಿ," ಎಂದರು ಮಿಸ್. "ಮುಖ ಬೇಕಾದರೂ ಮಾಡಿ. ಅದು ನಿಮ್ಮ ಭಾಗ."

ಆಪಾ ಏನಾದರೂ ಅಂದಾರು ಎಂದು ನಾನು ಕಾದೆ. ಅವರು ಗೂಡಿನ ಪದರ ಬಿಡಿಸುತ್ತಲೇ ಇದ್ದರು. ಅಕ್ಕ ಕೂತು ಯೋಚನೆ ಮಾಡಿದರು.

"ಬ್ಯಾಡ. ಬಾವಿ ಒಳಕ್ಕೆ ಬಗ್ಗಿ ನೋಡ್ಲಿ. ಮೊಕ ನೀರ್ಗೆ ಕಾಣ್ಲಿ. ನಮ್ಗ್ಯಾಕೆ?"

ಮೊದಲು ಬಲಗೈ ಅಂಟಿಸಿದರು. ಖಾಲಿ ಇದ್ದ ಮುಖದ ಮೇಲೆ ಗೂಡಿನ ಪದರ ಕತ್ತರಿಸಿ ಕೂದಲು ಹಾಕಿದರು, ತುರುಬು ಕಟ್ಟಿದರು. ನೋಡುತ್ತಿದ್ದ ಹಾಗೇ ಹೆಂಗಸು ನಮಗೆ ಬೆನ್ನು ಹಾಕಿ ಬಾವಿಗೆ ಬಗ್ಗಿದಳು. ಆಮೇಲೆ ಉಳಿದಿಬ್ಬರೂ ತಮ್ಮ ತಮ್ಮ ಹೆಂಗಸರನ್ನು ಹಾಗೆಯೇ ತಿರುಗಿಸಿದರು.

ನಾನು ಹೋಟೆಲಿನಿಂದ ಎಲ್ಲರಿಗೂ ಟೀ ತಂದೆ. ಅಕ್ಕ ಬೇಡ ಎಂದರು, ಒಂದೊತ್ತು. ಆಪಾ ಬೇಡ ಎಂದರು, ರಂಜಾನ್ ಉಪವಾಸ, ಸೂರ್ಯ ಮುಳುಗಬೇಕು. ಇವರಿಬ್ಬರೂ ಕುಡಿಯದಿದ್ದರೆ ನನಗೂ ಬೇಡ ಎಂದರು ಮಿಸ್.

"ಮೊದ್ಲೇ ಏಳಾಕಾಗದಿಲ್ವಾ?" ಎಂದೆ. ತಂದದ್ದನ್ನೆಲ್ಲ ನಾನೊಬ್ಬನೇ ಕುಡಿದೆ. ಮೂವರೂ ಕೆಲಸ ಬಿಟ್ಟು ನಾನು ಕುಡಿಯುವುದನ್ನು ನೋಡಿದರು.

"ಸಕ್ಕರೆ ಸರಿಯಾಗಿದೆಯಾ?" ಎಂದು ಮಿಸ್ ಕೇಳಿದರು.

ಚಿತ್ರ ಈಗ ಹೆರಿಗೆ ವಾರ್ಡಿನ ಗೋಡೆಯ ಮೇಲಿದೆ. ನೋಡುವವರು ಮಕ್ಕಳು ಚಪ್ಪಲಿ ಬಿಟ್ಟು ಆಡಲು ಹೋಗಿವೆ ಎಂದುಕೊಳ್ಳುತ್ತಾರೆ. ಯಾರೂ ಅವರನ್ನು ತಿದ್ದುವುದಿಲ್ಲ. ಚಿತ್ರ ಹೋದ ಮೇಲೂ ಅವರಿಬ್ಬರು ಬರುವುದು ನಿಲ್ಲಿಸಲಿಲ್ಲ. ಎಲ್ಲ ಬುಧವಾರ ಅಲ್ಲ. ಕೆಲಸ ಇದ್ದರೆ ಇಲ್ಲ, ಬಸ್ ತಪ್ಪಿದರೆ ಇಲ್ಲ. ಯುದ್ಧದ ಸುದ್ದಿ ಜೋರಾದ ವಾರ ಆಪಾ ಬರುತ್ತಿರಲಿಲ್ಲ. ಮಿಸ್ ಯಾಕೆ ಬರಲಿಲ್ಲ ಎಂದು ಕೇಳುತ್ತಿರಲಿಲ್ಲ. ಬಾಗಿಲು ಮಾತ್ರ ತೆಗೆದೇ ಇರುತ್ತಿತ್ತು. ಉಳಿದ ದಿನಗಳಲ್ಲಿ ಆ ಮನೆ ಮೊದಲಿನ ಹಾಗೆಯೇ. ಕುರ್ಚಿ, ಕಿಟಕಿ, ಕತ್ತರಿ. ಹಬ್ಬ ಬಂದರೆ ಒಬ್ಬರಿಗೇ ಅಡುಗೆ. ಜೊತೆ ಸಿಕ್ಕಿತು ಎಂದು ನಾನು ಸುಳ್ಳು ಬರೆಯುವುದಿಲ್ಲ. ವಾರಕ್ಕೆ ಅರ್ಧ ದಿನ ಸಿಕ್ಕಿತು.

ಆಷಾಢದ ಒಂದು ಶುಕ್ರವಾರ ಸಂಜೆ ನಾನು ಮಾರ್ಕೆಟ್ಟಿನಿಂದ ಬರುವಾಗ ಅವ್ವ ಬೀದಿಯಲ್ಲೇ ನಿಂತಿತ್ತು.

"ಮಿಸ್ಸು ದೀಪ ಅಚ್ಚಿಲ್ಲ ಕಣ್ಲಾ. ಒತ್ತು ಮುಳುಗ್ತು. ಓಗಿ ನೋಡು."

ಬಾಗಿಲು ಮುಂದಕ್ಕೆ ಹಾಕಿತ್ತು, ಚಿಲಕ ಇಲ್ಲ. ಮಿಸ್ ಕುರ್ಚಿಯಲ್ಲಿದ್ದರು. ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ನೀರು, ಮೊಂಡು ಚಾಕು. ನೀರು ಆರಿತ್ತು. ಉಗುರಿನಲ್ಲಿ ಅಂಟು ಹಾಗೇ ಇತ್ತು.

ಡಾಕ್ಟರ್ ಬಂದು ನೋಡಿ ಹೃದಯ ಎಂದರು. ತಂಗಿಯ ಮಗಳಿಗೆ ಫೋನ್ ಮಾಡಿದೆವು. ಅವಳು ಅತ್ತಳು, ಬರಲು ಆಗುವುದಿಲ್ಲ, ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ, ನಾಳೆಯೇ ಆದರೂ ಸರಿ, ಸುಡಬೇಡಿ ಅಷ್ಟೇ, ಎಂದಳು. ಚರ್ಚಿನ ಫಾದರ್ ಗಂಡನ ಪಕ್ಕದ ಜಾಗ ಇದೆ, ಬೆಳಿಗ್ಗೆಯೇ ಗುಂಡಿ ತೆಗೆಸುತ್ತೇನೆ ಎಂದರು. ಅಷ್ಟರಲ್ಲಿ ಆಪಾ ಮಗನ ಬೈಕಿನಲ್ಲಿ ಬಂದರು.

"ನಾಳೆ ಬೇಡ," ಎಂದರು.

ಎಲ್ಲರೂ ಅವರನ್ನು ನೋಡಿದರು. ಅವರ ಮಗ, "ಅಮ್ಮೀ, ನಮ್ಮಲ್ಲಿ ಯಾರೂ ಮಣ್ಣು ಮಾಡೋಕೆ ತಡ ಮಾಡಲ್ಲ," ಎಂದ.

"ನಮ್ಮಲ್ಲಿ ಬೇಗ ಮಾಡ್ತಾರೆ. ಅವರಲ್ಲೂ ಬೇಗ. ಆದ್ರೆ ಶನಿವಾರ ಇಲ್ಲ, ಅವತ್ತು ಅವರು ಕೆಲಸ ಮುಟ್ಟಲ್ಲ, ಬೇರೆಯೋರಿಗೂ ಮಾಡು ಅನ್ನಲ್ಲ. ಶನಿವಾರ ಅವರು ಕತ್ತರಿ ಮುಟ್ಟಿದ್ದು ಈ ಬೀದೀಲಿ ಯಾರಾದ್ರೂ ನೋಡಿದೀರಾ? ನಾನೂ ನೋಡಿಲ್ಲ. ಭಾನುವಾರ."

ಫಾದರ್ ತಲೆ ಆಡಿಸಿದರು. ನಾನು ಮೀನಿನ ಅಂಗಡಿಯಿಂದ ಐಸ್ ತಂದೆ.

ಶನಿವಾರ ಬೆಳಿಗ್ಗೆ ಅಕ್ಕ ಹನೂರಿನಿಂದ ಬಂದರು. ಇಬ್ಬರೂ ದಿನವೆಲ್ಲ ಮಿಸ್ಸಿನ ಪಕ್ಕ ನೆಲದ ಮೇಲೆ ಕೂತಿದ್ದರು. ಒಲೆ ಹಚ್ಚಲಿಲ್ಲ, ಅವ್ವ ನಮ್ಮ ಮನೆಯಿಂದ ಉಪ್ಪಿಟ್ಟು ಕೊಟ್ಟಿತು. ಅಕ್ಕ ಕೈ ಸುಮ್ಮನಿರಲಾರದೆ ನೆಲದ ಮೇಲಿದ್ದ ಗೂಡಿನ ಚೂರು ಆರಿಸತೊಡಗಿದರು.

"ಬಿಡು," ಎಂದರು ಆಪಾ. "ಇವತ್ತು ಬೇಡ."

ಅಕ್ಕ ಬಿಟ್ಟರು. ಸಂಜೆ ಕತ್ತಲಾಯಿತು. ಇಬ್ಬರೂ ಏಳಲಿಲ್ಲ. ನಾನು ಒಳಗೆ ಹೋಗಿ ಲೈಟ್ ಹಾಕಿದೆ. ನಾನಾಗಿಯೇ ಹಾಕಿದೆ. ಯಾರೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯಿತು. ಅಕ್ಕ ಪೂಜೆಗೆ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಇಬ್ಬರೂ ಮಿಸ್ಸಿಗೆ ನೀರು ಹಾಕಿದರು. ಆಪಾ ಹೇಳುತ್ತಿದ್ದರು, ಅಕ್ಕ ಮಾಡುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಒಳಗಿನ ಮಾತು ಕೇಳುತ್ತಿತ್ತು.

"ಎಬ್ಬೆಟ್ಟಿಂದು ಬತ್ತಾ ಇಲ್ಲ ಆಪಾ."

"ಚಾಕು ಬೇಡ, ಗಾಯ ಆಗ್ತದೆ. ಬಿಸಿನೀರು ಹಾಕು. ನೆನೀಲಿ."

"ಎಷ್ಟ್ ದಿನದ ಅಂಟೋ ಏನೋ."

"ವಾರದ್ದು. ಶುಕ್ರವಾರ ತೆಗಿತಿದ್ರು. ಮೆಲ್ಲಗೆ."

ಆಮೇಲೆ ನೀರು ಸುರಿಯುವ ಸದ್ದು. ಸುತ್ತಲು ಬಟ್ಟೆ ತರಲು ನಾನು ಹೊರಟಾಗ, ರೇಷ್ಮೆ ಬೇಡ, ಬಿಳಿ ಕಾಟನ್ ತಾ, ಸಾದಾ, ಎಂದು ಆಪಾ ಬಾಗಿಲ ಸಂದಿನಿಂದ ಹೇಳಿದರು.

ಬಟ್ಟೆ ಕೊಟ್ಟು ಮಾರ್ಕೆಟ್ಟಿಗೆ ಓಡಿದೆ. ಲೋಡ್ ಇಳಿಸುವ ಹಮಾಲರು ಕೂತಿದ್ದರು. ಬನ್ರಲಾ ಎಂದೆ. ಯಾಕೆ ಎಂದು ಕೇಳಿದರು. ಒಬ್ಬರನ್ನು ಮಣ್ಣು ಮಾಡಬೇಕು, ಜನ ಇಲ್ಲ, ಎಂದೆ. ಅದಕ್ಕಿಂತ ಮೇಲೆ ಯಾರೂ ಕೇಳಲಿಲ್ಲ. ಏಳು ಜನ ಎದ್ದು ಬಂದರು. ಆಪಾ ಮಗ, ಅಕ್ಕನ ಗಂಡ, ನಾನು.

ಗುಂಡಿಗೆ ಇಳಿಸಿ ಮಣ್ಣು ಹಾಕಿದೆವು. ಪಕ್ಕದಲ್ಲಿ ಗಂಡನ ಕಲ್ಲು, ಶಿಲುಬೆ ಇಲ್ಲದ್ದು. ಫಾದರ್ ಗೇಟಿನ ಹತ್ತಿರ ನಿಂತಿದ್ದರು, ತಮ್ಮ ಮಂತ್ರ ಹೇಳಲಿಲ್ಲ. ಆಪಾ ಮಗನೂ ತನ್ನದು ಹೇಳಲಿಲ್ಲ. ಮಿಸ್ಸಿನದು ಯಾರಿಗೂ ಬರುತ್ತಿರಲಿಲ್ಲ. ಗುದ್ದಲಿ ಕೆಳಗಿಟ್ಟು ಎಲ್ಲರೂ ನನ್ನ ಮುಖ ನೋಡಿದರು.

"ಏನ್ಲಾ ಮಾಡ್ಬೇಕು ಈಗ?" ಎಂದ ಒಬ್ಬ ಹಮಾಲ.

"ಏನೂ ಬ್ಯಾಡ. ನೋಡ್ತಾ ನಿಂತ್ಕೊ."

ಹತ್ತು ಜನ ಹಸಿ ಮಣ್ಣನ್ನು ನೋಡುತ್ತಾ ನಿಂತೆವು. ಅಕ್ಕ ಮತ್ತು ಆಪಾ ಗೋಡೆಯ ಹತ್ತಿರ ಕಾಯುತ್ತಿದ್ದರು, ಇಬ್ಬರ ಕೈಯೂ ಇನ್ನೂ ಒದ್ದೆ. ನಾವು ಲೆಕ್ಕಕ್ಕೆ ಬಂದೆವೋ ಇಲ್ಲವೋ ನನಗೆ ಗೊತ್ತಿಲ್ಲ. ಬರುವುದಿಲ್ಲ ಎಂದು ಹೇಳಲು ಅಲ್ಲಿ ಮಿಸ್ಸಿನ ಕಡೆಯವರು ಯಾರೂ ಇರಲಿಲ್ಲ.